ಅಜ್ಜಿಯ ಹೆಸರಿನ ಮುಂದೆ ಗುರುತು ಹಾಕುವ ಮೊದಲು: ಪಕ್ಷಗಳ ರಾಜ್ಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಎಲ್ಲ ರಾಜಕೀಯ ಪಕ್ಷಗಳ ರಾಜ್ಯ ಅಧ್ಯಕ್ಷರಿಗೆ,

ಮಾನ್ಯರೇ,

ಸಾಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನಿಮ್ಮ ಯಾವ ಪಕ್ಷದ ಸದಸ್ಯಳೂ ನಾನಲ್ಲ. ಒಂದೇ ಪತ್ರವನ್ನು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಹೇಳುವ ತಪ್ಪನ್ನು ಎಲ್ಲ ಪಕ್ಷದವರೂ ಮಾಡಿದ್ದನ್ನು ನೋಡಿದ್ದೇನೆ.

2023ರ ಏಪ್ರಿಲ್ ಕೊನೆಯ ವಾರ. ಮೇ 10ಕ್ಕೆ ವಿಧಾನಸಭೆಯ ಮತದಾನ ಇತ್ತು. ಒಂದೇ ವಾರದಲ್ಲಿ ಬೇರೆ ಬೇರೆ ಪಕ್ಷದ ಹುಡುಗರು ನಮ್ಮ ಮನೆಗೆ ಬಂದರು. ಎಲ್ಲರ ಕೈಯಲ್ಲೂ ಮತದಾರರ ಪಟ್ಟಿ. ನನ್ನ ಹೆಸರು ಓದಿದರು, ಮಾತಾಡಿಸಿದರು. ತಮ್ಮನ ಹೆಸರು ಓದಿದರು, ಅವನ ಕೆಲಸದ ಬಗ್ಗೆ ಕೇಳಿದರು. ಅಜ್ಜಿಯ ಹೆಸರು ಬಂದಾಗ ಮಾತ್ರ ಏನೂ ಕೇಳಲಿಲ್ಲ. ಒಂದು ಗುಂಪಿನವರು "ಅಜ್ಜಿದು ಗಟ್ಟಿ, ನಮ್ದೇ ಅಲ್ವಾ" ಎಂದು ಗುರುತು ಹಾಕಿಕೊಂಡರು. ಇನ್ನೊಂದು ಗುಂಪಿನವರು "ಮುದುಕರ ಓಟು ಬದಲಾಗಲ್ಲ ಬಿಡಿ ಅಕ್ಕಾ, ಸುಮ್ನೆ ಟೈಮ್ ವೇಸ್ಟ್" ಎಂದು ಆ ಹೆಸರನ್ನು ಹೊಡೆದು ಹಾಕಿದರು.

ಅಜ್ಜಿ ಅಲ್ಲೇ ಜಗಲಿಯ ತುದಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳಿಗೆ ಕಿವಿ ಸ್ವಲ್ಪ ಮಂದ, ಆದರೆ ಇಷ್ಟು ಹತ್ತಿರದ ಮಾತು ಕೇಳುತ್ತದೆ. ಅವರು ಹೋದ ಮೇಲೆ ನನ್ನನ್ನು ಕರೆದು, "ಮಗಾ, ನನ್ನ ಹತ್ರ ಯಾಕೆ ಏನೂ ಕೇಳ್ಲಿಲ್ಲ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ನಿಮಗೆ ದಾಟಿಸಲೆಂದೇ ಈ ಪತ್ರ.

ಆಗ ಅಜ್ಜಿಗೆ 86. ಅದಕ್ಕೂ ಮೊದಲಿನ ಐದು ತಿಂಗಳಿಂದ ಅವಳ 1,200 ರೂಪಾಯಿ ಪಿಂಚಣಿ ಬಂದಿರಲಿಲ್ಲ. ಆಧಾರ್ ಜೋಡಣೆ ಸರಿಯಿಲ್ಲ ಎಂದು ಒಂದು ಕಡೆ ಹೇಳಿದರು, ಬ್ಯಾಂಕಿನಲ್ಲಿ ಕೇಳಿ ಎಂದು ಇನ್ನೊಂದು ಕಡೆ ಹೇಳಿದರು. ಅವಳ ಬೆರಳಿನ ಗೆರೆ ಸವೆದು ಯಂತ್ರ ಹಿಡಿಯುತ್ತಿರಲಿಲ್ಲ. ಬಂದ ಹುಡುಗರಲ್ಲಿ ಒಬ್ಬನಾದರೂ "ಅಜ್ಜೀ, ಹೇಗಿದ್ದೀರಿ?" ಎಂದು ಕೇಳಿದ್ದರೆ ಅವಳು ಇದನ್ನೇ ಹೇಳುತ್ತಿದ್ದಳು. ತನ್ನ ಓಟು ಯಾರಿಗೆ ಎಂದು ಹೇಳುತ್ತಿರಲಿಲ್ಲ. ಅದನ್ನು ಅವಳು ನನಗೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅವಳ ಮನಸ್ಸು ಎಲ್ಲಿದೆ ಎಂದು ಊರಿಗೇ ಗೊತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅದು ಅಲ್ಲಿ ಹೇಗೆ ಬಂತು ಎಂಬುದು ನಿಮ್ಮ ಹುಡುಗರಿಗೆ ಗೊತ್ತಿಲ್ಲ. ಬಹುಶಃ ನಿಮಗೂ ಮರೆತಿರಬಹುದು. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಓದಿ.

ನಮ್ಮದು ಗೇಣಿ ಮಾಡುತ್ತಿದ್ದ ಮನೆ, ಅಂದರೆ ಒಡೆಯರ ಗದ್ದೆ ಉಳುಮೆ ಮಾಡಿ ಅವರಿಗೆ ಭತ್ತ ಅಳೆದು ಕೊಡುತ್ತಿದ್ದವರು. ಕಾಗೋಡು ನಮ್ಮ ತಾಲ್ಲೂಕಿನದೇ ಊರು. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯೇ ಅಲ್ಲಿ ಜಗಳದ ಮೂಲ. ಒಡೆಯರು ಅಳೆದುಕೊಳ್ಳುವ ಕೊಳಗ ದೊಡ್ಡದಿರುತ್ತಿತ್ತು. ಹೋರಾಟಕ್ಕೆ ಬೆಂಬಲ ಕೊಡಲು ಸೋಷಲಿಸ್ಟ್ ನಾಯಕ ರಾಮಮನೋಹರ ಲೋಹಿಯಾ ಬಂದರು, ಸಾಗರದಲ್ಲಿ ಬಂಧನಕ್ಕೂ ಒಳಗಾದರು. ಆಗ ಅಜ್ಜನಿಗೆ 20 ದಾಟಿತ್ತು. ಅಲ್ಲಿಂದ ಮುಂದೆ ಅಜ್ಜ ಶಾಂತವೇರಿ ಗೋಪಾಲಗೌಡರ ಸೋಷಲಿಸ್ಟ್ ಪಾರ್ಟಿ ಎಂದರೆ ಪ್ರಾಣ ಬಿಡುತ್ತಿದ್ದ. ಅಜ್ಜಿ ಮದುವೆಯಾಗಿ ಬಂದ ಮೇಲೆ ಅವಳೂ ಅದೇ ಪಾರ್ಟಿ. ಮನೆ ಯಾವ ಪಾರ್ಟಿಯೋ ಸೊಸೆಯೂ ಅದೇ ಪಾರ್ಟಿ, ಆ ಕಾಲ ಹಾಗಿತ್ತು.

ಆಮೇಲೆ ದೇವರಾಜ ಅರಸು ಮುಖ್ಯಮಂತ್ರಿಯಾದರು. ಭೂಸುಧಾರಣೆಯ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಫಾರಂ 7 ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು ಎಂದಾಯಿತು. ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ ಬಂತು. ಅಲ್ಲಿ ವಕೀಲರಿಗೆ ಅವಕಾಶ ಇರಲಿಲ್ಲ. ಇದು ಅಜ್ಜಿ ಪ್ರತಿ ಸಲವೂ ಹೇಳುವ ಮಾತು. "ಲಾಯರು ಇರ್ಲಿಲ್ಲ ಮಗಾ. ಇದ್ದಿದ್ರೆ ಒಡೆಯರು ಶಿವಮೊಗ್ಗದಿಂದ ದೊಡ್ಡ ಲಾಯರನ್ನೇ ಕರೆಸ್ತಿದ್ರು. ನಿನ್ನ ಅಜ್ಜ ಬಾಯಿಬಿಟ್ಟು ಮಾತಾಡಲೇಬೇಕಾಯ್ತು" ಎನ್ನುತ್ತಾಳೆ.

ಅಜ್ಜ ಮಾತಾಡಿದ. ಒಡೆಯರ ಎದುರು ಕೂತು ಮಾತಾಡಿದ್ದು ಅವನ ಜೀವನದಲ್ಲಿ ಅದೇ ಮೊದಲು. ಪಕ್ಕದ ಗದ್ದೆಯವನು ಸಾಕ್ಷಿ ಹೇಳಿದ, ಈ ಗದ್ದೆ ಉಳುವುದು ಇವನೇ, ಇವನ ಅಪ್ಪನೂ ಇಲ್ಲೇ ಉಳುತ್ತಿದ್ದ ಎಂದು. ಒಂದು ಎಕರೆ 20 ಗುಂಟೆ ಗದ್ದೆ ಅಜ್ಜನ ಹೆಸರಿಗೆ ಬಂತು. ಹಕ್ಕಿನ ಪತ್ರ, ಫಾರಂ 10, ಇವತ್ತಿಗೂ ಅಜ್ಜಿಯ ಟ್ರಂಕಿನಲ್ಲಿದೆ. ಮೊದಲ ಸಲ ಸುಗ್ಗಿಯಲ್ಲಿ ಭತ್ತವೆಲ್ಲ ಮನೆಗೇ ಬಂದಾಗ ಇಡಲು ಜಾಗ ಇರಲಿಲ್ಲವಂತೆ. ಅಂಗಳದಲ್ಲೇ ರಾಶಿ ಹಾಕಿ ಅಜ್ಜಿ ರಾತ್ರಿ ಕಾವಲು ಮಲಗಿದ್ದಳು. ಅದನ್ನು ಹೇಳುವಾಗ ಅವಳ ಮುಖವನ್ನು ನೀವು ನೋಡಬೇಕು.

1978ರ ಫೆಬ್ರವರಿಯಲ್ಲಿ ವಿಧಾನಸಭೆ ಚುನಾವಣೆ ಬಂತು. ಅಜ್ಜ ಅಜ್ಜಿ ಇಬ್ಬರೂ ಹಳೆಯ ಪಾರ್ಟಿ ಬಿಟ್ಟು ಇಂದಿರಾ ಗಾಂಧಿಯವರ ಪಕ್ಷಕ್ಕೆ ಓಟು ಹಾಕಿದರು. ಅಂದಿನಿಂದ ಅಜ್ಜಿಯ ಮನಸ್ಸು ಅಲ್ಲೇ ಇದೆ.

ಇದನ್ನು ಕುರುಡು ನಿಷ್ಠೆ ಎಂದು ಹೇಗೆ ಹೇಳುತ್ತೀರಿ? ಇಪ್ಪತ್ತು ವರ್ಷ ನಂಬಿದ ಪಾರ್ಟಿಯನ್ನು ಬಿಟ್ಟು ಬಂದವರು ಅವರು. ಬಿಡುವುದಕ್ಕೆ ಗದ್ದೆಯಷ್ಟು ಗಟ್ಟಿ ಕಾರಣ ಇತ್ತು. ಆ ಕಾರಣಕ್ಕೆ ಸಮನಾದದ್ದು ಆಮೇಲೆ ಅವಳ ಮನೆ ಬಾಗಿಲಿಗೆ ಬರಲಿಲ್ಲ. ಅದಕ್ಕೆ ಅವಳು ಬದಲಾಗಿಲ್ಲ. ನನಗೆ ತಿಳಿದಂತೆ ವಿಷಯ ಇಷ್ಟೇ.

ಡೈರಿಗೆ ಬೆಳಿಗ್ಗೆ ಹಾಲು ತರುವವರಲ್ಲಿ ಅರ್ಧ ಜನ 60 ದಾಟಿದವರು. ಅವರ ಹತ್ತಿರ ಮಾತಾಡಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಮಗಳ ಮನೆ ಶಿಕಾರಿಪುರದ ಕಡೆ ಇರುವುದರಿಂದ ಅಲ್ಲಿಂದ ಬಂದು ಹೋಗುವ ಒಬ್ಬ ಹಿರಿಯರಿದ್ದಾರೆ. ಅವರು 1990ರವರೆಗೆ ಅಜ್ಜಿಯ ಪಕ್ಷದವರೇ. ಆ ವರ್ಷ ಅಕ್ಟೋಬರಿನಲ್ಲಿ, ಅನಾರೋಗ್ಯದಲ್ಲಿದ್ದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಬದಲಾಯಿಸುವ ಮಾತನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹೇಳಿ ಹೋದರು. "ಹುಷಾರಿಲ್ಲದ ಮನುಷ್ಯನನ್ನು ಹಾಗೆ ಕಳಿಸ್ತಾರೇನ್ರೀ?" ಎಂದು ಆ ಹಿರಿಯರು ಇಂದಿಗೂ ಕೇಳುತ್ತಾರೆ. ಅಂದಿನಿಂದ ಅವರು ಆ ಚಿಹ್ನೆಗೆ ಓಟು ಹಾಕಿಲ್ಲ. 1989ರಲ್ಲಿ 178 ಸ್ಥಾನ ಗೆದ್ದ ಪಕ್ಷ 1994ರಲ್ಲಿ 34ಕ್ಕೆ ಇಳಿಯಿತು. ಅದಕ್ಕೆ ಕಾರಣಗಳು ಹಲವು ಇದ್ದವು. ಈ ಹಿರಿಯರಿಗೆ ಮಾತ್ರ ಕಾರಣ ಒಂದೇ. ಅಜ್ಜಿಗೆ ಉಪಕಾರ ಹೇಗೆ ಮರೆಯುವುದಿಲ್ಲವೋ ಇವರಿಗೆ ಅವಮಾನ ಹಾಗೇ ಮರೆಯುವುದಿಲ್ಲ.

ಇನ್ನೊಬ್ಬ ಅಮ್ಮ ನಜೀರ್ ಸಾಬರ ಹೆಸರು ಹೇಳುತ್ತಾರೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್. ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಆ ಅಮ್ಮ ಮೈಲಿ ದೂರದಿಂದ ನೀರು ಹೊರುತ್ತಿದ್ದವರು. ನಜೀರ್ ಸಾಬರು 1988ರಲ್ಲೇ ತೀರಿಕೊಂಡರು. ಅವರಿದ್ದ ಜನತಾ ಪರಿವಾರ ಆಮೇಲೆ ಎಷ್ಟು ಹೋಳಾಯಿತೋ ನಿಮಗೇ ಗೊತ್ತು. ಆ ಅಮ್ಮ ಮಾತ್ರ ಪ್ರತಿ ಚುನಾವಣೆಯಲ್ಲೂ "ನೀರ್ ಸಾಬರ ಕಡೆಯವರು ಈಗ ಎಲ್ಲಿದ್ದಾರೆ?" ಎಂದು ಕೇಳಿಕೊಂಡು ಹೋಗಿ ಓಟು ಹಾಕುತ್ತಾರೆ.

ಪಕ್ಕದ ಸೊರಬಕ್ಕೆ ಹೋದರೆ ಬೇರೆಯದೇ ರೀತಿ. ಅಲ್ಲಿನ ಹಿರಿಯರಿಗೆ ಪಕ್ಷ ಮುಖ್ಯ ಆಗಲೇ ಇಲ್ಲ, ಬಂಗಾರಪ್ಪನವರೇ ಮುಖ್ಯ. 1967ರಿಂದ ಸತತವಾಗಿ ಅವರನ್ನು ವಿಧಾನಸಭೆಗೆ ಕಳಿಸಿದರು. ಲೋಕಸಭೆಗೆ ಅವರು 1996ರಲ್ಲಿ ಸ್ವಂತ ಪಕ್ಷದಿಂದ ಗೆದ್ದರು, 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 2004ರಲ್ಲಿ ಬಿಜೆಪಿಯಿಂದ ಗೆದ್ದರು, ಮರುವರ್ಷವೇ ಸಮಾಜವಾದಿ ಪಕ್ಷದಿಂದ ಗೆದ್ದರು. ಚಿಹ್ನೆ ಬದಲಾದಾಗಲೆಲ್ಲ ಹಿರಿಯರು ಹೊಸ ಚಿಹ್ನೆ ಕಲಿತರು. ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಕೊಟ್ಟವರು ಎಂಬ ಒಂದೇ ನೆನಪು ಎಷ್ಟೋ ಮನೆಗಳಲ್ಲಿ ಸಾಕಾಗಿತ್ತು.

ಮುದುಕರು ಬದಲಾಗುವುದಿಲ್ಲ ಎನ್ನುವವರಿಗೆ ಇನ್ನೊಂದು ಲೆಕ್ಕ ಹೇಳುತ್ತೇನೆ. 1984ರ ಡಿಸೆಂಬರಿನ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. ಮೂರೇ ತಿಂಗಳು. 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಆಗ ಓಟಿನ ವಯಸ್ಸು 21. ಅದು 18ಕ್ಕೆ ಇಳಿದದ್ದು 1989ರಲ್ಲಿ. ಅಂದರೆ ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಎಂದು ಅಷ್ಟು ಬೇಗ ವಿಂಗಡಿಸಿದವರು ಇವತ್ತು 60 ದಾಟಿದ ಇದೇ ಹಿರಿಯರು. ಅವರನ್ನು ನಿಮ್ಮ ಹುಡುಗರು 'ಫಿಕ್ಸ್ ಓಟು' ಎನ್ನುತ್ತಾರೆ.

ಚಿಹ್ನೆಯ ವಿಷಯವೂ ಹಾಗೆಯೇ. ಅಜ್ಜಿಗೆ ಓದು ಬರಹ ಬಾರದು. ಜೋಡೆತ್ತು, ಹಸು-ಕರು, ಕೈ ಎಂದು ಒಂದೇ ಪಕ್ಷದ ಮೂರು ಗುರುತುಗಳನ್ನು ಅವಳು ನೋಡಿದ್ದಾಳೆ. ಮೇಲಿಂದ ಸೋಷಲಿಸ್ಟರ ಗುಡಿಸಲು. ಓದು ಬಾರದವರಿಗೆ ಚಿಹ್ನೆಯೇ ಪಕ್ಷ, ಅದನ್ನೇ ಹಿಡಿದುಕೊಂಡಿರುತ್ತಾರೆ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಅಷ್ಟು ಸುಲಭ ಅಲ್ಲ ಅದು.

ನಾನು ಅಜ್ಜಿಯ ಎಲ್ಲ ಮಾತನ್ನೂ ಒಪ್ಪುತ್ತೇನೆ ಎಂದು ತಿಳಿಯಬೇಡಿ. ನಮ್ಮಿಬ್ಬರಿಗೂ ಜಗಳ ಆಗಿದೆ. ತುರ್ತು ಪರಿಸ್ಥಿತಿಯ ಬಗ್ಗೆ ಅವಳು ಒಂದು ಕೆಟ್ಟ ಮಾತು ಆಡುವುದಿಲ್ಲ. ಅವಳಿಗೆ 1976 ಎಂದರೆ ಭೂನ್ಯಾಯ ಮಂಡಳಿ. ಅವಳೊಬ್ಬಳೇ ಅಲ್ಲ, ರಾಜ್ಯವೇ ಹಾಗೆ ಯೋಚಿಸಿದಂತಿದೆ. 1977ರಲ್ಲಿ ಉತ್ತರ ಭಾರತವೆಲ್ಲ ಇಂದಿರಾ ಗಾಂಧಿಯವರನ್ನು ಸೋಲಿಸಿದಾಗ ಕರ್ನಾಟಕ ಅವರ ಪಕ್ಷಕ್ಕೆ 28ರಲ್ಲಿ 26 ಸ್ಥಾನ ಕೊಟ್ಟಿತು. ಒಂದು ದಿನ ನಾನು ಅಜ್ಜಿಗೆ ಸ್ನೇಹಲತಾ ರೆಡ್ಡಿಯವರ ಬಗ್ಗೆ ಹೇಳಿದೆ. ನಾಟಕದ ಕಲಾವಿದೆ, ಅಸ್ತಮಾ ಇದ್ದ ಹೆಣ್ಣುಮಗಳು. ಅವರನ್ನು ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದರು. 1977ರ ಜನವರಿಯಲ್ಲಿ ಬಿಟ್ಟರು, ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. "ಇದನ್ನು ನನಗೆ ಯಾರೂ ಹೇಳ್ಲೇ ಇಲ್ಲ" ಅಂದಳು.

ಎದುರು ಪಕ್ಷದಲ್ಲಿದ್ದವರಿಗೆ ಸುಮಾರು 50 ವರ್ಷ ಸಮಯ ಇತ್ತು. ಹೇಳಲಿಲ್ಲ. ಅಜ್ಜಿಯ ಓಟು ಬದಲಾಗುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದವರು ಹೇಳಲು ಬರುವುದಾದರೂ ಯಾಕೆ?

ಇನ್ನು ಅಜ್ಜಿಯ ಪಕ್ಷದವರಿಗೂ ಒಂದು ಮಾತಿದೆ. ಜಮೀನು ಕೊಡಿಸಿದ ದೇವರಾಜ ಅರಸು 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ. ಅರಸು ಅವರ ಪಕ್ಷಕ್ಕೆ ಇಲ್ಲಿ ಒಂದೂ ಬರಲಿಲ್ಲ. ಅಜ್ಜಿಯೂ ಅವರಿಗೆ ಓಟು ಹಾಕಲಿಲ್ಲವಂತೆ. ಯಾಕೆ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. "ಅರಸು ಕೊಟ್ರು, ಕೊಡಿಸಿದ್ದು ಇಂದಿರಮ್ಮ ಅಂತ ಅಂದ್ಕೊಂಡ್ವಿ" ಎನ್ನುತ್ತಾಳೆ. ಹಾಗೆ ಹೇಳಿ ಸುಮ್ಮನಾಗುತ್ತಾಳೆ. 1982ರಲ್ಲಿ ಅರಸು ತೀರಿಕೊಂಡ ಸುದ್ದಿ ಬಂದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ ಎಂದು ಅಪ್ಪ ಹೇಳುತ್ತಾರೆ. ಆ ಋಣ ತಪ್ಪು ಲೆಕ್ಕಕ್ಕೆ ಜಮೆ ಆಯಿತು ಎಂಬ ಸಂಕಟ ಅವಳಲ್ಲಿ ಎಲ್ಲೋ ಇದೆ ಎಂದು ನನಗೆ ಅನಿಸುತ್ತದೆ. ಹಾಗಾಗಿ ಅವಳ ನಿಷ್ಠೆಯನ್ನು ನಿಮ್ಮ ಪಿತ್ರಾರ್ಜಿತ ಆಸ್ತಿ ಎಂದುಕೊಳ್ಳಬೇಡಿ. ಈಗಿನ ಪದಾಧಿಕಾರಿಗಳು ಯಾರೂ ಆ ಗದ್ದೆ ಕೊಡಿಸಿಲ್ಲ.

ನನ್ನ ಅಪ್ಪನಿಗೂ ಈಗ ವಯಸ್ಸಾಗಿದೆ. ಅಜ್ಜನ ಗದ್ದೆಗೆ ಹೊಂದಿದ ಒಂದು ತುಂಡು ಸರ್ಕಾರಿ ಜಾಗವನ್ನು ಅವರು ಹುಡುಗರಾಗಿದ್ದಾಗಿನಿಂದ ಸಾಗು ಮಾಡುತ್ತಿದ್ದಾರೆ. 1991ರಲ್ಲಿ ಅದನ್ನು ಸಕ್ರಮ ಮಾಡಿ ತಮ್ಮ ಹೆಸರಿಗೆ ಕೊಡಿ ಎಂದು ಫಾರಂ 50 ಕೊಟ್ಟರು. ಆಗಲಿಲ್ಲ. ಆಮೇಲೆ ಫಾರಂ 53 ಬಂತು, ಕೊಟ್ಟರು. 2018ರಲ್ಲಿ ಫಾರಂ 57 ಬಂತು, ಅದನ್ನೂ ಕೊಟ್ಟರು. ಅರ್ಜಿ ಕೊಟ್ಟ ರಸೀದಿಗಳನ್ನು ಅಜ್ಜಿಯ ಟ್ರಂಕಿನಲ್ಲೇ ಇಟ್ಟಿದ್ದಾರೆ, ಫಾರಂ 10ರ ಪಕ್ಕದಲ್ಲಿ. ಈ 30 ವರ್ಷದಲ್ಲಿ ನಿಮ್ಮೆಲ್ಲರ ಸರ್ಕಾರಗಳೂ ಬಂದು ಹೋದವು. ಅಪ್ಪ ಯಾವ ಪಕ್ಷಕ್ಕೂ ನಿಷ್ಠರಲ್ಲ. ಯಾಕಾಗಬೇಕು? ಅವರು ಕೊನೆಯ ಕ್ಷಣದಲ್ಲಿ ಯಾರು ಹೇಳಿದರೋ ಅವರಿಗೆ ಹಾಕಿ ಬರುತ್ತಾರೆ, ಬೇಸರದಿಂದ. ಅಜ್ಜಿಯದು ನಿಷ್ಠೆ, ಅಪ್ಪನದು ಬೇಸರ. ಒಂದೇ ಮನೆ, ಒಂದೇ ಟ್ರಂಕು.

ಲಿಂಗನಮಕ್ಕಿ ಅಣೆಕಟ್ಟೆಗಾಗಿ 1964ರ ಹೊತ್ತಿಗೆ ಊರು ಬಿಟ್ಟವರ ಮಾತನ್ನು ಇಲ್ಲಿ ಪೂರ್ತಿ ಬರೆಯಲು ಹೋಗುವುದಿಲ್ಲ. ಅದಕ್ಕೆ ಬೇರೆ ಪತ್ರವೇ ಬೇಕು. ಮುಳುಗಡೆಯಾಗಿ ಬಂದ ಆ ಕುಟುಂಬಗಳ ಹಿರಿಯರು ಎಷ್ಟೋ ಮಂದಿ ಹಕ್ಕುಪತ್ರ ಕಾಣದೆ ಹೋದರು. ಉಳಿದವರ ಹತ್ತಿರ ಪಕ್ಷದ ಮಾತೆತ್ತಿ ನೋಡಿ, ಆಮೇಲೆ ನಿಷ್ಠೆಯ ಬಗ್ಗೆ ಮಾತಾಡೋಣ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದು, ವಯಸ್ಸು ನೋಡಿ 'ನಮ್ಮದು', 'ಅವರದು' ಎಂದು ಗುರುತು ಹಾಕುವುದನ್ನು ನಿಲ್ಲಿಸಲು ನಿಮ್ಮ ಕಾರ್ಯಕರ್ತರಿಗೆ ಹೇಳಿ. ಹಿರಿಯರ ಎದುರೇ 'ಟೈಮ್ ವೇಸ್ಟ್' ಎನ್ನುವುದು ತಪ್ಪು ಎಂದು ಅವರಿಗೆ ತಿಳಿಸಿ. ಅವರಲ್ಲಿ ಎಷ್ಟೋ ಜನ ನನ್ನ ತಮ್ಮನ ವಯಸ್ಸಿನವರು, ಕೆಟ್ಟವರಲ್ಲ. ಯಾರೂ ಕಲಿಸಿಲ್ಲ, ಅಷ್ಟೇ.

ಹಿರಿಯರಿಗೆ ನಿಮ್ಮ ಪ್ರಣಾಳಿಕೆಯನ್ನು ಓದಿ ಹೇಳಿ. ಸಣ್ಣ ಅಕ್ಷರದ ಪುಸ್ತಕ, ಮೊಬೈಲಿನ ವಿಡಿಯೊ ಅವರಿಗೆ ತಲುಪುವುದಿಲ್ಲ. ಡೈರಿಯ ಮುಂದೆ ಒಂದು ಬೆಳಿಗ್ಗೆ ನಿಂತು ಓದಿದರೂ ಸಾಕು, ಜಾಗ ನಾನು ಮಾಡಿಕೊಡುತ್ತೇನೆ, ಯಾವ ಪಕ್ಷವಾದರೂ ಸರಿ. ಓದಿದ ಮೇಲೆ ಅವರ ಪ್ರಶ್ನೆಗೆ ನಿಲ್ಲಬೇಕು. ಎದುರಿನವರ ತಪ್ಪು ಹೇಳುವುದಿದ್ದರೆ ನಿಜವಾದದ್ದನ್ನು ಹೇಳಿ, ಅವರು ಕೇಳುತ್ತಾರೆ. ಅಜ್ಜಿ ಕೇಳಿದಳಲ್ಲ.

ಋಣದ ಹೆಸರಲ್ಲಿ ಅವರನ್ನು ಕಟ್ಟಿಹಾಕಬೇಡಿ. ಓಟಿನ ಹಿಂದಿನ ರಾತ್ರಿ ಮನೆಗೆ ಬಂದು ದೇವರ ಮುಂದೆ ಆಣೆ ಮಾಡಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೊಟ್ಟ ಮಾತಿಗೆ ಹೆದರುವ ಕಾಲದವರು ಅವರು. ಆ ಹೆದರಿಕೆಯನ್ನು ಬಳಸಿಕೊಳ್ಳುವುದು ದೊಡ್ಡ ಪಾಪ.

ಮನೆಯಿಂದಲೇ ಮತದಾನದ ವಿಷಯದಲ್ಲಿ ದಯವಿಟ್ಟು ನೀವೆಲ್ಲ ಒಟ್ಟಾಗಿ ದನಿ ಎತ್ತಿ. 2023ರಲ್ಲಿ 80 ದಾಟಿದವರಿಗೆ ಆ ಅವಕಾಶ ಇತ್ತು. 12ಡಿ ಅರ್ಜಿ ಕೊಟ್ಟು ಅಜ್ಜಿ ಜಗಲಿಯಲ್ಲೇ ಓಟು ಹಾಕಿದಳು. ಅಧಿಕಾರಿಗಳು ರಟ್ಟಿನ ಮರೆ ಇಟ್ಟು, ನಮ್ಮನ್ನೆಲ್ಲ ದೂರ ಕಳಿಸಿ, ತಾಳ್ಮೆಯಿಂದ ನಡೆಸಿಕೊಟ್ಟರು. 2024ರ ಲೋಕಸಭೆ ಚುನಾವಣೆಗೆ ಮೊದಲು ಆ ವಯಸ್ಸನ್ನು 85ಕ್ಕೆ ಏರಿಸಿದರು. ನಮ್ಮ ಕೇರಿಯ 82 ವರ್ಷದ ಅಜ್ಜ ಹಿಂದಿನ ವರ್ಷ ಮನೆಯಲ್ಲಿ ಓಟು ಹಾಕಿದ್ದವರು, ಆ ವರ್ಷ ಮತಗಟ್ಟೆಗೆ ಹೋಗಲಾಗದೆ ಉಳಿದರು. ಅವರ ಓಟು ಗಟ್ಟಿ ಎಂದು ಬರೆದುಕೊಂಡಿದ್ದ ಪಕ್ಷದವರೂ ಬಂದು ಕೇಳಲಿಲ್ಲ.

ಕೊನೆಯದಾಗಿ, ಚುನಾವಣೆ ಇಲ್ಲದ ದಿನ ಒಮ್ಮೆ ಬನ್ನಿ. ನಿಮ್ಮಲ್ಲಿ ಯಾರಾದರೂ ಒಬ್ಬರು ಬಂದರೂ ಸಂತೋಷ. ಅಜ್ಜಿ ಇನ್ನೂ ಗಟ್ಟಿ ಇದ್ದಾಳೆ. ಊಟ ಆದ ಮೇಲೆ ಸ್ವಲ್ಪ ಹೊತ್ತು ಮಲಗುತ್ತಾಳೆ, ಹಾಗಾಗಿ ನಾಲ್ಕು ಗಂಟೆಯ ಮೇಲೆ ಬನ್ನಿ. ಎಡಗಿವಿ ಪೂರ್ತಿ ಕೇಳುವುದಿಲ್ಲ. ಬಲಗಡೆ ಕೂತು ಮಾತಾಡಿ.

ಇಂತಿ ನಮಸ್ಕಾರಗಳೊಂದಿಗೆ,

ಸಾಗರ ತಾಲ್ಲೂಕಿನ ಒಬ್ಬ ಮೊಮ್ಮಗಳು